ಹಳೇ ಪೇಟೆ ಕೆಡವಿ ಕಟ್ಟುವ ಮುನ್ನ: ಬೀದರ್‌ನಲ್ಲಿ ಮಳಿಗೆ ಮಾರುಕಟ್ಟೆ ಅಳೆಯುವ ಸಮಗ್ರ ಮಾರ್ಗದರ್ಶಿ

ಬೀದರ್‌ನ ಹಳೇ ಪೇಟೆಯಲ್ಲಿ ಜಾಗ ಇರುವವರು ತರುವ ದೂರು ಹೆಚ್ಚುಕಡಿಮೆ ಒಂದೇ. ಹಳೇ ಅಂಗಡಿ ಸಾಲು ಕೆಡವಿ ಮೂರು ಮಹಡಿಯ ಕಾಂಪ್ಲೆಕ್ಸ್ ಎಬ್ಬಿಸಿದ್ದಾಯಿತು. ನೆಲಮಹಡಿ ತುಂಬಿತು. ಮೊದಲ ಮಹಡಿಯಲ್ಲಿ ಒಂದು ಟ್ಯೂಷನ್ ಕ್ಲಾಸು, ಒಬ್ಬ ಟೈಲರ್. ಎರಡನೇ ಮಹಡಿಯಲ್ಲಿ ಪಾರಿವಾಳ. ಬ್ಯಾಂಕಿನ ಕಂತು ಮಾತ್ರ ಮೂರೂ ಮಹಡಿಗೆ ಸೇರಿಸಿ ಬರುತ್ತಿದೆ.

ಇವರೆಲ್ಲ ಮಾರುಕಟ್ಟೆ ನೋಡಿಯೇ ಇಲ್ಲ ಅಂತಲ್ಲ. ಕೊನೆಗೆ ನೋಡಿದ್ದಾರೆ. ಮೊದಲು ಎಂಜಿನಿಯರ್, ಆಮೇಲೆ ನಕ್ಷೆ, ಆಮೇಲೆ ಸಾಲ, ಎಲ್ಲ ಮುಗಿದ ಮೇಲೆ ಬಾಡಿಗೆದಾರ. ಕೆಳಗಿರುವುದು ಇದರ ತಿರುಗುಮುರುಗು ಕ್ರಮ. ಒಂಟಿ ಮಾಲೀಕರಿಗೂ ನಡೆಯುತ್ತದೆ, ಒಂದು ಸಾಲಿನ ವ್ಯಾಪಾರಿಗಳು ಸೇರಿ ಮಾಡುವುದಕ್ಕೂ ನಡೆಯುತ್ತದೆ. ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಮೊದಲ ಎರಡು ಹಂತದಲ್ಲೇ ಕೆಲವರ ಯೋಜನೆ ನಿಂತುಹೋಗುತ್ತದೆ. ಅಲ್ಲೇ ನಿಂತರೆ ನಕ್ಷೆಯ ಖರ್ಚಾದರೂ ಉಳಿಯುತ್ತದೆ.

## ಮೊದಲು ಜೋಡಿಸಿಕೊಳ್ಳಿ

30 ಮೀಟರ್ ಟೇಪು. ನಿಮ್ಮ ಸಾಲಿನ ಸಿಟಿ ಸರ್ವೆ ನಕ್ಷೆಯ ದೊಡ್ಡ ಜೆರಾಕ್ಸು ಎರಡು ಪ್ರತಿ. ಮೂರು ಬಣ್ಣದ ಪೆನ್ನು. ಜನರನ್ನು ಎಣಿಸಲು ಕೈಯಲ್ಲಿ ಒತ್ತುವ ಕೌಂಟರು. ಲೆಕ್ಕಕ್ಕೆ ಒಂದು ಎಕ್ಸೆಲ್ ಹಾಳೆ.

ಜೊತೆಗೆ ಒಬ್ಬ ಮನುಷ್ಯ ಬೇಕು. ಈ ಪೇಟೆಯಲ್ಲಿ ಕನ್ನಡ, ದಖ್ಖನಿ, ಮರಾಠಿ ಮೂರೂ ಓಡುತ್ತವೆ. ಮೂರರಲ್ಲೂ ಮಾತಾಡುವ, ಅಂಗಡಿಯವರಿಗೆ ಮುಖಪರಿಚಯ ಇರುವ ಹುಡುಗ ಸಿಕ್ಕರೆ ಅರ್ಧ ಕೆಲಸ ಆದಂತೆ. ಊರಿನ ಪರಿಚಯ ಇಲ್ಲದ ಸರ್ವೆ ತಂಡ ಫಾರ್ಮು ಹಿಡಿದು ಹೋದರೆ ಸಿಗುವ ಮೊದಲ ಮಾತೇ "ಯಾಕ್ರೀ, ಟ್ಯಾಕ್ಸ್‌ನವರೇನು ನೀವು?" ಅಂತ. ಅಲ್ಲಿಗೆ ಆ ಅಂಗಡಿಯ ಬಾಗಿಲು ಮುಚ್ಚಿತು.

## ಹಂತ 1: ಸ್ಮಾರಕದಿಂದ ನಿಮ್ಮ ಜಾಗ ಎಷ್ಟು ದೂರ?

ಬೇರೆ ಊರಿನಲ್ಲಿ ಈ ಹಂತ ಕೊನೆಗೆ ಬಂದರೂ ನಡೆದೀತು. ಬೀದರ್‌ನಲ್ಲಿ ಇದೇ ಮೊದಲು.

ಕೋಟೆ, ಮಹಮೂದ್ ಗವಾನ್ ಮದ್ರಸಾ ಎರಡೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ವಲಯ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಅಂದರೆ ಒಟ್ಟು 300 ಮೀಟರ್ ಒಳಗಿದ್ದರೆ ನಿಮಗೆ ಈ ಕಾಯ್ದೆ ತಗಲುತ್ತದೆ. ಚೌಬಾರಾದಿಂದ ಕೋಟೆ ಕಡೆ ಹೋಗುವ ರಸ್ತೆಯ ಮೇಲೇ ಮದ್ರಸಾ ಇರುವುದರಿಂದ ಹಳೇ ಪೇಟೆಯ ಒಳ್ಳೇ ತುಣುಕೇ ಈ ವೃತ್ತಕ್ಕೆ ಬೀಳುತ್ತದೆ.

ನಿಷೇಧಿತ ವಲಯದಲ್ಲಿ ಖಾಸಗಿಯವರು ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಇರುವ ಕಟ್ಟಡದ ದುರಸ್ತಿ, ನವೀಕರಣಕ್ಕೂ ಅನುಮತಿ ಬೇಕು. ನಿಯಂತ್ರಿತ ವಲಯದಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಒಪ್ಪಿಗೆ ಇದ್ದರೆ ಕಟ್ಟಬಹುದು. ಆದರೆ ಎತ್ತರದ ಮೇಲೆ ಷರತ್ತು ಬರಬಹುದು. ನೀವು ಕನಸು ಕಂಡ ಮೇಲಿನ ಮಹಡಿ ಅಲ್ಲೇ ಹೋಗಬಹುದು.

ಎಲ್ಲರೂ ಮಾಡುವ ತಪ್ಪು: ಸ್ಮಾರಕದ ಗೋಡೆಯಿಂದ ಟೇಪು ಹಿಡಿಯುವುದು. ಅಳತೆ ಶುರುವಾಗುವುದು ರಕ್ಷಿತ ಪ್ರದೇಶದ ಗಡಿಯಿಂದ. ಗಡಿ ಗೋಡೆಗಿಂತ ಆಚೆ ಇರಬಹುದು. ಮೊಬೈಲ್ ನಕ್ಷೆಯಲ್ಲಿ ನೋಡಿ "310 ಮೀಟರ್ ಬರುತ್ತೆ, ಬಚಾವ್" ಅಂದುಕೊಂಡು ಕೂರಬೇಡಿ. ಕೇಂದ್ರ ಪುರಾತತ್ವ ಇಲಾಖೆಯನ್ನು ಲಿಖಿತವಾಗಿ ಕೇಳಿ, ಲಿಖಿತ ಉತ್ತರ ಪಡೆಯಿರಿ. ರಾಜ್ಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಟ್ಟಡ ಹತ್ತಿರ ಇದ್ದರೆ ಅದನ್ನೂ ಬೇರೆಯಾಗಿ ಕೇಳಿ.

ಎಚ್ಚರಿಕೆಯ ಚಿಹ್ನೆ: "ಇಲ್ಲೆಲ್ಲ ಹಂಗೇ ಕಟ್ಟಿದ್ದಾರೆ, ಏನೂ ಆಗಲ್ಲ" ಅನ್ನುವ ಕಂಟ್ರಾಕ್ಟರ್. ಆತ ದುಡ್ಡು ತಗೊಂಡು ಹೋಗುತ್ತಾನೆ, ನೋಟಿಸ್ ಬರುವುದು ನಿಮ್ಮ ಹೆಸರಿಗೆ. ದೊಡ್ಡ ಬ್ರ್ಯಾಂಡುಗಳು ಕಾಗದ ಸರಿಯಿಲ್ಲದ ಕಟ್ಟಡಕ್ಕೆ ಬರುವುದೂ ಇಲ್ಲ.

ನಿಷೇಧಿತ ವಲಯದಲ್ಲಿದ್ದರೆ ನಿಮ್ಮ ಯೋಜನೆಯ ಹೆಸರೇ ಬದಲಾಗುತ್ತದೆ. ಕೆಡವಿ ಕಟ್ಟುವುದಲ್ಲ, ಇರುವುದನ್ನು ರಿಪೇರಿ ಮಾಡಿ ಬಳಸುವುದು. ಅದೂ ಕೆಟ್ಟ ವ್ಯಾಪಾರವಲ್ಲ. ಮುಂದಿನ ಹಂತಗಳನ್ನು ಆಗಲೂ ಮಾಡಿ, ಕಟ್ಟಡದ ಖರ್ಚಿನ ಕಾಲಂ ಮಾತ್ರ ಸಣ್ಣದಾಗುತ್ತದೆ.

## ಹಂತ 2: ಕಾಗದ ಮತ್ತು ಒಳಗಿರುವವರು

ಮಾಲೀಕತ್ವದ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಇದು ವಕೀಲರ ಕೆಲಸ. ಇ-ಖಾತೆ ಇದೆಯಾ ನೋಡಿ. ಕಾವೇರಿ ಪೋರ್ಟಲಿನಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ, ಅಲ್ಲಿ ಸಿಗದ ಹಳೇ ವರ್ಷಗಳಿಗೆ ಉಪನೋಂದಣಿ ಕಚೇರಿಗೆ ಅರ್ಜಿ ಹಾಕಿ. ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು, ಹಾಗಾಗಿ ಮೂಲ ಪತ್ರ ಉರ್ದುವಿನಲ್ಲಿ ಇರುವುದು ಸಾಮಾನ್ಯ. ಅದನ್ನು ಓದಿಸದೆ ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ, ಪೂರ್ತಿ ಅನುವಾದ ಮಾಡಿಸಿ. ವಕ್ಫ್ ಪಟ್ಟಿ, ಮುಜರಾಯಿ ಪಟ್ಟಿ ಎರಡನ್ನೂ ನೋಡಿ. ಅಣ್ಣತಮ್ಮಂದಿರ, ಅಕ್ಕತಂಗಿಯರ ಪಾಲು ಬಾಯಿಮಾತಿನಲ್ಲಿ ಇದ್ದರೆ ಈಗಲೇ ಕಾಗದಕ್ಕೆ ಇಳಿಸಿ.

ಇನ್ನು ಬಾಡಿಗೆದಾರರು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಕರ್ನಾಟಕ ಬಾಡಿಗೆ ಕಾಯ್ದೆ, 1999 ಸಾಮಾನ್ಯವಾಗಿ ವಾಣಿಜ್ಯ ಕಟ್ಟಡಗಳಿಗೆ ತಗಲುವುದಿಲ್ಲ. ಆದರೆ ತಳ ವಿಸ್ತೀರ್ಣ 14 ಚದರ ಮೀಟರ್ ಮೀರದ ಸಣ್ಣ ಅಂಗಡಿಗಳನ್ನು ಆ ವಿನಾಯಿತಿಯಿಂದ ಹೊರಗಿಟ್ಟಿದ್ದಾರೆ. ಅಂದರೆ ಸಣ್ಣ ಅಂಗಡಿಯವರಿಗೆ ಕಾಯ್ದೆಯ ರಕ್ಷಣೆ ಸಿಗಬಹುದು. ಬಾಡಿಗೆ ಮೊತ್ತದ ಮಿತಿಯೂ ಬೇರೆ ಇದೆ. ಈಗ ಹಳೇ ಪೇಟೆಯ ಸಾಮಾನ್ಯ ಅಳತೆ ತಗೊಳ್ಳಿ: 10 ಅಡಿ ಅಗಲ, 15 ಅಡಿ ಉದ್ದ. 150 ಚದರ ಅಡಿ, ಮೀಟರಿನಲ್ಲಿ 13.94. ಒಳಗಿನ ಅಳತೆ ಹಿಡಿದರೆ ಕಾಯ್ದೆಯೊಳಗೆ. ದಪ್ಪ ಕಲ್ಲುಗೋಡೆಯನ್ನೂ ಸೇರಿಸಿದರೆ 14 ದಾಟುತ್ತದೆ. ಈ ಗೋಡೆ ದಪ್ಪದ ಮೇಲೇ ವರ್ಷಗಟ್ಟಲೆ ಕೋರ್ಟಿನಲ್ಲಿ ಕೂರಬೇಕಾಗಬಹುದು. ಆದ್ದರಿಂದ ಪ್ರತಿ ಅಂಗಡಿಗೂ ಒಳ ಅಳತೆ, ಹೊರ ಅಳತೆ ಎರಡೂ ಬರೆದುಕೊಳ್ಳಿ.

ಆ ಕಾಯ್ದೆಗೆ ಬೀಳದ, ತಿಂಗಳ ಲೆಕ್ಕದ ಬಾಡಿಗೆಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಪ್ರಕಾರ 15 ದಿನದ ನೋಟಿಸ್ ಸಾಕು. ಕಾಗದದ ಮೇಲೆ ಇದು ಸುಲಭ. ಮೂರು ತಲೆಮಾರಿನಿಂದ ಕೂತಿರುವ ಅಂಗಡಿಯನ್ನು 15 ದಿನದಲ್ಲಿ ಬಿಡಿಸಿದವರನ್ನು ತೋರಿಸಿ, ನೋಡೋಣ.

ಅದಕ್ಕೇ ಪಟ್ಟಿ ಮಾಡುವಾಗ ಮೂರು ಬಣ್ಣ ಬಳಸಿ. ಹಸಿರು: ಕರಾರು ಇದೆ, ಅವಧಿ ಗೊತ್ತು. ಹಳದಿ: ಕರಾರು ಇಲ್ಲ, ಬಾಡಿಗೆ ಮಾತ್ರ ಬರುತ್ತಿದೆ. ಕೆಂಪು: ಪಗಡಿ (ಅಂಗಡಿಯೊಳಗೆ ಬರಲು ಒಂದೇ ಸಲ ಕೊಡುವ ದೊಡ್ಡ ಮೊತ್ತ) ಕೊಟ್ಟು ಕೂತವರು, ಅಥವಾ ಮೂಲ ಬಾಡಿಗೆದಾರ ಇನ್ನೊಬ್ಬರಿಗೆ ಕೊಟ್ಟು ಹೋಗಿದ್ದಾನೆ. ನಕ್ಷೆಯಲ್ಲಿ ಕೆಂಪು ಅರ್ಧಕ್ಕಿಂತ ಜಾಸ್ತಿ ಬಂದರೆ ಅವರ ಜೊತೆ ಮಾತುಕತೆ ಮುಗಿಯುವವರೆಗೆ ಮುಂದಿನ ಹಂತಕ್ಕೆ ದುಡ್ಡು ಹಾಕಬೇಡಿ.

## ಹಂತ 3: ಶಟರ್ ಎಣಿಕೆ

ಈಗ ಬೀದಿಗೆ ಇಳಿಯಿರಿ. ನಿಮ್ಮ ಜಾಗದಿಂದ ಎರಡೂ ಕಡೆ, ನಡೆದು ಐದು ನಿಮಿಷದಲ್ಲಿ ಮುಟ್ಟುವಷ್ಟು ದೂರದ ಪ್ರತಿ ಶಟರ್ ಬರೆದುಕೊಳ್ಳಿ. ಯಾವ ವ್ಯಾಪಾರ, ಎಷ್ಟು ಅಗಲ, ಯಾವ ಮಹಡಿ.

ತೆರೆದಿರುವುದನ್ನು ಎಣಿಸುವುದು ಸುಲಭ. ಮುಚ್ಚಿರುವುದರಲ್ಲೇ ಮಾಹಿತಿ ಇರುವುದು. ಮುಚ್ಚಿದ ಶಟರ್ ಅಂದರೆ ಮೂರು ಬೇರೆ ಬೇರೆ ಸಂಗತಿ: ಇವತ್ತು ರಜೆ, ಗೋಡೌನ್ ಮಾಡಿಕೊಂಡಿದ್ದಾರೆ, ನಿಜಕ್ಕೂ ಖಾಲಿ. ದಿನ ಬಿಟ್ಟು ದಿನ, ಬೇರೆ ಬೇರೆ ಹೊತ್ತಿನಲ್ಲಿ ನೋಡಿ. ಬೀಗದ ಕೆಳಭಾಗ ನೋಡಿ. ಬಳಸುವ ಬೀಗದ ಕೊಕ್ಕೆ ಹೊಳೆಯುತ್ತದೆ, ಬಳಸದ್ದು ತುಕ್ಕು ಹಿಡಿದಿರುತ್ತದೆ. ಶಟರಿನ ಮಡಿಕೆಗಳ ಮೇಲೆ ಶ್ರದ್ಧಾಂಜಲಿ ಪೋಸ್ಟರು, ಕೋಚಿಂಗ್ ಕ್ಲಾಸಿನ ಪೋಸ್ಟರು ಅಡ್ಡಡ್ಡ ಅಂಟಿ ಹರಿಯದೆ ಉಳಿದಿದ್ದರೆ ಆ ಶಟರ್ ಏರಿ ಬಹಳ ದಿನವಾಗಿದೆ. ಹೊರಗೆ ಕಾಣುವಂತೆ ಜೆಸ್ಕಾಂ ಮೀಟರ್ ಇದ್ದರೆ ರೀಡಿಂಗ್ ಬರೆದುಕೊಳ್ಳಿ, ತಿಂಗಳು ಬಿಟ್ಟು ಮತ್ತೆ ನೋಡಿ. ಅಂಕಿ ಅಲ್ಲಾಡದಿದ್ದರೆ ಒಳಗೆ ಯಾರೂ ಇಲ್ಲ.

ಗೋಡೌನ್ ಆದ ಮಳಿಗೆಗಳನ್ನು ಬೇರೆ ಎಣಿಸಿ. ಮುಖ್ಯರಸ್ತೆಗೆ ಮುಖ ಮಾಡಿದ ಮಳಿಗೆಯನ್ನು ಮಾಲು ತುಂಬಲು ಬಳಸುತ್ತಿದ್ದರೆ, ಆ ಜಾಗಕ್ಕೆ ಅಂಗಡಿಯ ಬಾಡಿಗೆ ಕೊಡುವವರು ಸಿಗುತ್ತಿಲ್ಲ ಎಂದರ್ಥ. ಅಥವಾ ಬಾಡಿಗೆ ಅಷ್ಟು ಹಳೆಯದು, ಅಷ್ಟು ಕಡಿಮೆ, ಬಿಡುವ ಮನಸ್ಸಿಲ್ಲ. ಎರಡರಲ್ಲಿ ಯಾವುದು ಎಂದು ಪಕ್ಕದ ಚಹಾದವನಿಗೆ ಗೊತ್ತಿರುತ್ತದೆ.

ಎಚ್ಚರಿಕೆಯ ಚಿಹ್ನೆ: ನೆಲಮಹಡಿ ಪೂರ್ತಿ ತುಂಬಿ, ಅದೇ ಕಟ್ಟಡದ ಮೇಲ್ಮಹಡಿಯಲ್ಲಿ "ಬಾಡಿಗೆಗೆ ಇದೆ" ಬೋರ್ಡು ಬಿಸಿಲಿಗೆ ಬಣ್ಣ ಕಳೆದುಕೊಂಡಿದ್ದರೆ, ಈ ಬೀದಿಗೆ ಬೇಕಿರುವುದು ನೆಲಮಹಡಿ ಮಾತ್ರ. ನಿಮ್ಮ ಕಟ್ಟಡ ಹೊಸದು ಅನ್ನುವ ಕಾರಣಕ್ಕೆ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ.

## ಹಂತ 4: ನಿಜವಾದ ಬಾಡಿಗೆ ಎಷ್ಟು?

ಬೋರ್ಡಿನ ಮೇಲಿರುವುದು, ದಲ್ಲಾಳಿ ಹೇಳುವುದು ಎರಡೂ ಮಾಲೀಕನ ಆಸೆ. ನಿಮಗೆ ಬೇಕಿರುವುದು ಕಳೆದ ಒಂದು ವರ್ಷದಲ್ಲಿ ಕೈ ಬದಲಾದ ಮಳಿಗೆಗಳ ಬಾಡಿಗೆ. ಹತ್ತು ಸಿಕ್ಕರೂ ಸಾಕು. "ನಿಮ್ಮ ಬಾಡಿಗೆ ಎಷ್ಟು?" ಎಂದು ಕೇಳಬೇಡಿ. "ಇಲ್ಲೊಂದು ಅಂಗಡಿ ಹಾಕಬೇಕು ಅಂದ್ರ ಎಷ್ಟ್ ಕೇಳ್ತಾರ್ರಿ?" ಅಂತ ಕೇಳಿ. ತನ್ನದು ಹೇಳದವರು ಪಕ್ಕದವರದು ಹೇಳುತ್ತಾರೆ.

ಬಂದ ಅಂಕಿಗಳನ್ನು ಹಾಗೇ ಹೋಲಿಸಬೇಡಿ. ಒಬ್ಬರ ಬಾಡಿಗೆ ಜಾಸ್ತಿ, ಅಡ್ವಾನ್ಸ್ ಕಡಿಮೆ, ಇನ್ನೊಬ್ಬರದು ಉಲ್ಟಾ. ಒಂದೇ ಅಳತೆಗೆ ತರಲು ಅಡ್ವಾನ್ಸಿನ ಬಡ್ಡಿಯನ್ನು ಬಾಡಿಗೆಗೆ ಸೇರಿಸಿ. ಉದಾಹರಣೆಗೆ ಬಾಡಿಗೆ ₹8,000, ಅಡ್ವಾನ್ಸ್ ₹3 ಲಕ್ಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಶೇ 7ರಂತೆ ಬಡ್ಡಿ ₹21,000, ತಿಂಗಳಿಗೆ ₹1,750. ನಿಜವಾದ ಬಾಡಿಗೆ ₹9,750. ಅಂಗಡಿ 150 ಚದರ ಅಡಿ ಇದ್ದರೆ ಅಡಿಗೆ ₹65.

ಪಗಡಿ ಅಂಗಡಿಗೂ ಇದೇ ಮಾಡಿ. ತಿಂಗಳಿಗೆ ಬರೀ ₹900 ಬಾಡಿಗೆ ಕೊಡುವವನು ಸುಮ್ನೆ ಕೂತಿದ್ದಾನೆ ಎಂದು ಮಾಲೀಕರಿಗೆ ಉರಿ. ಆತ ಒಳಗೆ ಬರಲು ₹12 ಲಕ್ಷ ಪಗಡಿ ಕೊಟ್ಟಿದ್ದರೆ ಅದರ ಬಡ್ಡಿಯೇ ತಿಂಗಳಿಗೆ ₹7,000. ಸೇರಿಸಿದರೆ ₹7,900. ಅಡಿಗೆ ಸುಮಾರು ₹53. ಆ ಪಗಡಿ ನಿಮಗೆ ಬಂದಿಲ್ಲದಿರಬಹುದು, ಅವನಿಗಿಂತ ಮೊದಲಿದ್ದವನ ಜೇಬಿಗೆ ಹೋಗಿರಬಹುದು. ಆದರೂ ಆತನ ಲೆಕ್ಕದಲ್ಲಿ ಅದು ಅವನ ಆಸ್ತಿ. ಮಾತುಕತೆಗೆ ಕೂರುವಾಗ ₹900 ಹಿಡಿದು ಮಾತಾಡಿದರೆ ಅವನು ಎದ್ದು ಹೋಗುತ್ತಾನೆ.

ನಗರಾಡಳಿತದ ಮಳಿಗೆಗಳ ಬಾಡಿಗೆಯನ್ನು ಹೋಲಿಕೆಗೆ ಹಿಡಿಯಬೇಡಿ. ಹರಾಜಿನಲ್ಲಿ ಹಿಡಿದವರೇ ಒಳಗಿರುತ್ತಾರೆ ಎಂದಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಯೂ ಬಾಡಿಗೆಯ ಅಳತೆಯಲ್ಲ, ಅದು ಮುದ್ರಾಂಕ ಶುಲ್ಕಕ್ಕೆ.

ಮಹಡಿವಾರು ಅನುಪಾತ ತೆಗೆಯದೆ ಈ ಹಂತ ಮುಗಿಸಬೇಡಿ. ಹತ್ತಿರದ ಮೂರು ಕಾಂಪ್ಲೆಕ್ಸ್ ಆರಿಸಿ. ಒಂದೊಂದರಲ್ಲೂ ನೆಲಮಹಡಿಯ ಅಡಿಬಾಡಿಗೆ ನೂರು ಎಂದರೆ ಮೊದಲ ಮಹಡಿ ಎಷ್ಟು, ಎರಡನೆಯದು ಎಷ್ಟು, ನೆಲಮಾಳಿಗೆ ಎಷ್ಟು ಎಂದು ಬರೆಯಿರಿ. ಹಂತ 8ರಲ್ಲಿ ಪೂರ್ತಿ ಲೆಕ್ಕ ಇದರ ಮೇಲೆ ನಿಂತಿದೆ.

## ಹಂತ 5: ಗಿರಾಕಿ ಎಲ್ಲಿಂದ ಬರುತ್ತಾರೆ?

ಜನಸಂದಣಿ ನೋಡಿ ಮೋಸಹೋಗುವವರು ಜಾಸ್ತಿ. ಹಾದುಹೋಗುವವರು ಬೇರೆ, ಕೊಳ್ಳುವವರು ಬೇರೆ. ಹಾಗಾಗಿ ಎರಡು ಎಣಿಕೆ ಮಾಡಿ. ಬೆಳಿಗ್ಗೆ 11ರಿಂದ 1, ಸಂಜೆ 6ರಿಂದ 8, ಪ್ರತಿ ಗಂಟೆಯಲ್ಲಿ 15 ನಿಮಿಷ. ಒಬ್ಬರು ಹಾದುಹೋಗುವವರನ್ನು ಎಣಿಸಲಿ. ಇನ್ನೊಬ್ಬರು ಕೈಯಲ್ಲಿ ಚೀಲ ಹಿಡಿದು ಅಂಗಡಿಯಿಂದ ಹೊರಬರುವವರನ್ನು ಮಾತ್ರ ಎಣಿಸಲಿ.

ಯಾವಾಗ ಎಣಿಸುತ್ತೀರಿ ಅನ್ನುವುದೂ ಮುಖ್ಯ. ರಂಜಾನಿನ ಕೊನೇ ವಾರ, ದೀಪಾವಳಿಯ ಹಿಂದಿನ ವಾರ ಎಣಿಸಿ ವರ್ಷಪೂರ್ತಿಗೆ ಗುಣಿಸಿದರೆ ಮುಗಿಯಿತು ಕಥೆ. ಈ ಜಿಲ್ಲೆಯಲ್ಲಿ ಪೇಟೆಗೆ ದುಡ್ಡು ಬರುವುದು ಹೊಲದಿಂದ. ಸೋಯಾ, ಉದ್ದು, ಹೆಸರು ಗಾಂಧಿಗಂಜ್‌ಗೆ ಬಂದಾಗ ಒಂದು ಸಲ, ತೊಗರಿ ಬಂದಾಗ ಇನ್ನೊಂದು ಸಲ, ಆಮೇಲೆ ಮದುವೆ ಕಾಲ. ಒಂದು ಎಣಿಕೆ ಸುಗ್ಗಿಯ ನಂತರ, ಒಂದು ಜೂನ್–ಜುಲೈನಲ್ಲಿ. ಜೂನ್‌ನಲ್ಲಿ ರೈತನ ದುಡ್ಡೆಲ್ಲ ಬೀಜ ಗೊಬ್ಬರಕ್ಕೆ ಹೋಗಿರುತ್ತದೆ. ಆಗಲೂ ಬಾಡಿಗೆ ಕಟ್ಟುವ ಶಕ್ತಿ ಇರುವ ಅಂಗಡಿ ನಿಮ್ಮ ಕಟ್ಟಡಕ್ಕೆ ಬೇಕು.

ಎಲ್ಲಿಂದ ಬರುತ್ತಾರೆ ಎಂದು ತಿಳಿಯಲು ನಿಂತಿರುವ ಬೈಕುಗಳ ನಂಬರ್ ಪ್ಲೇಟ್ ಸಾಕು. ಕೆಎ-38 ಬೀದರ್, ಕೆಎ-39 ಭಾಲ್ಕಿ, ಕೆಎ-56 ಬಸವಕಲ್ಯಾಣ. ಎಂಎಚ್-24 ಕಂಡರೆ ಲಾತೂರ್ ಕಡೆಯವರು. ಟಿಎಸ್, ಟಿಜಿ ಎರಡೂ ತೆಲಂಗಾಣ. ಗಡಿಯಾಚೆಯ ಪ್ಲೇಟು ಜಾಸ್ತಿ ಬಂದರೆ ಒಳ್ಳೇ ಸುದ್ದಿ, ಆದರೆ ಅವರು ಯಾವ ಅಂಗಡಿಗೆ ಬಂದರು ಎಂದೂ ನೋಡಿ. ಕೋಟೆ ನೋಡಲು, ಗುರುದ್ವಾರಕ್ಕೆ ಬಂದವರು ಬಿದರಿ ಅಂಗಡಿಗೆ ಹೋಗಬಹುದು, ಪಾತ್ರೆ ಅಂಗಡಿಗೆ ಹೋಗುವುದಿಲ್ಲ.

ಪ್ಲೇಟ್ ಎಣಿಕೆಗೆ ಸಿಗದ ದೊಡ್ಡ ಗುಂಪೊಂದಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ. ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಸೀರೆ, ಬಳೆ, ಸ್ಟೀಲ್ ಪಾತ್ರೆ ತಗೊಂಡು ಹೋಗುವ ಗಿರಾಕಿಗೆ ಬೈಕೂ ಇಲ್ಲ, ಪಾರ್ಕಿಂಗೂ ಬೇಡ. ಬಸ್ ಇಳಿದ ಜಾಗದಿಂದ ನಿಮ್ಮ ಸಾಲಿಗೆ ಅವರು ಹೇಗೆ ಬರುತ್ತಾರೆ? ಆಟೋದಲ್ಲೋ, ನಡೆದೋ? ದಾರಿಯಲ್ಲಿ ಕೂರಲು ನೆರಳು, ಶೌಚಾಲಯ ಇದೆಯಾ? ಕಾರ್ ಪಾರ್ಕಿಂಗ್ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವ ಸಭೆಗಳಲ್ಲಿ ಈ ಪ್ರಶ್ನೆ ಬರುವುದೇ ಇಲ್ಲ.

ಹೊರಗೆ ಹೋಗುವ ವ್ಯಾಪಾರವನ್ನೂ ಬರೆದುಕೊಳ್ಳಿ. ಮದುವೆ ಜವಳಿ, ಬಂಗಾರ ಎಂದರೆ ಹೈದರಾಬಾದಿಗೆ ಹೊರಡುವ ಮನೆಗಳು ಇಲ್ಲಿ ಬೇಕಾದಷ್ಟು. ದೊಡ್ಡ ಮಾಲ್ ಕಟ್ಟಿದರೆ ಇವರೆಲ್ಲ ಇಲ್ಲೇ ನಿಲ್ಲುತ್ತಾರೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಅವರು ಹೋಗುವುದು ಕಟ್ಟಡ ನೋಡಿ ಅಲ್ಲ, ಒಂದೇ ಬೀದಿಯಲ್ಲಿ ನೂರು ಅಂಗಡಿ ನೋಡಿ. ಹಳೇ ಪೇಟೆಗೆ ಉಳಿಯುವುದು ದಿನಬಳಕೆ, ಹಬ್ಬದ ಬಟ್ಟೆ, ರಿಪೇರಿ, ಉದ್ರಿ ಸಿಗುವ ಅಂಗಡಿ. ಆ ವ್ಯಾಪಾರಕ್ಕೆ ತಕ್ಕ ಮಳಿಗೆ ಕಟ್ಟಿ.

## ಹಂತ 6: ಅಂಗಡಿ ಎಷ್ಟು ಬಾಡಿಗೆ ತಡೆಯುತ್ತದೆ?

ಇಡೀ ಕೆಲಸದಲ್ಲಿ ಜನ ಹಾರಿಸಿಬಿಡುವ ಹಂತ ಇದು.

ವ್ಯಾಪಾರ ಎಷ್ಟು ಎಂದು ನೇರವಾಗಿ ಕೇಳಿದರೆ "ಹಿಂಗ ನಡ್ದದ್ರಿ" ಅನ್ನುವ ಉತ್ತರ ಬಿಟ್ಟು ಬೇರೆ ಸಿಗುವುದಿಲ್ಲ. ಅಡ್ಡದಾರಿ ಇದೆ. ಮುದ್ರಿತ ಬಿಲ್ ಕೊಡುವ ಅಂಗಡಿಯಲ್ಲಿ ಬೆಳಿಗ್ಗೆ ಬಾಗಿಲು ತೆರೆದಾಗ ಒಂದು ಸೋಪು ತಗೊಳ್ಳಿ, ರಾತ್ರಿ ಮುಚ್ಚುವ ಮುಂಚೆ ಒಂದು ಬಿಸ್ಕತ್ ಪ್ಯಾಕೆಟ್ ತಗೊಳ್ಳಿ. ಎರಡೂ ಬಿಲ್ಲಿನ ನಂಬರ್ ಕಳೆಯಿರಿ. ಆ ದಿನದ ಬಿಲ್‌ಗಳ ಸಂಖ್ಯೆ ಸಿಕ್ಕಿತು. ಒಂದು ಬಿಲ್ಲಿಗೆ ಸರಾಸರಿ ಎಷ್ಟು? ಎದುರಿನ ಚಹಾ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ಸೌಂಡ್‌ಬಾಕ್ಸ್ ಕೂಗುವ ಮೊತ್ತಗಳನ್ನು ಬರೆದುಕೊಳ್ಳಿ. ನಗದು ವ್ಯಾಪಾರ ಅದರಲ್ಲಿ ಬರುವುದಿಲ್ಲ, ಆದರೂ ಸರಾಸರಿಯ ಅಂದಾಜು ಸಿಗುತ್ತದೆ.

ಆಮೇಲೆ ಹಿಂದಿನಿಂದ ಲೆಕ್ಕ ಹಾಕಿ. ಇಲ್ಲಿರುವ ಅಂಕಿಗಳು ವಿಧಾನ ತೋರಿಸಲು ಮಾತ್ರ, ನಿಮ್ಮ ಬೀದಿಯವನ್ನು ನೀವೇ ತುಂಬಿ.

ಕಿರಾಣಿ ಅಂಗಡಿ: ದಿನಕ್ಕೆ ₹15,000 ವ್ಯಾಪಾರ, ತಿಂಗಳಿಗೆ 28 ದಿನ, ₹4.2 ಲಕ್ಷ. ಲಾಭಾಂಶ ಶೇ 10 ಎಂದರೆ ₹42,000. ಕೆಲಸದ ಹುಡುಗನಿಗೆ ₹12,000, ಕರೆಂಟು ಇತ್ಯಾದಿ ₹5,000, ಮಾಲೀಕನ ಮನೆಖರ್ಚು ₹15,000. ಉಳಿದದ್ದು ₹10,000. ಬಾಡಿಗೆಗೆ ಅದೇ ಮೇಲ್ಮಿತಿ.

ಬಟ್ಟೆ ಅಂಗಡಿ: ದಿನಕ್ಕೆ ₹10,000, ತಿಂಗಳಿಗೆ ₹2.8 ಲಕ್ಷ. ಲಾಭಾಂಶ ಶೇ 25 ಎಂದರೆ ₹70,000. ಇಬ್ಬರು ಕೆಲಸದವರು ₹22,000, ಕರೆಂಟು ಇತ್ಯಾದಿ ₹8,000, ಮನೆಖರ್ಚು ₹15,000. ಉಳಿದದ್ದು ₹25,000.

ವ್ಯಾಪಾರ ಕಡಿಮೆ ಇರುವ ಅಂಗಡಿ ಎರಡೂವರೆ ಪಟ್ಟು ಬಾಡಿಗೆ ತಡೆಯುತ್ತದೆ. ಹಾಗಂತ ಸಾಲಿಗೆ ಸಾಲೇ ಬಟ್ಟೆ ಅಂಗಡಿಗೆ ಕೊಟ್ಟರೆ ದಿನಾ ಬರುವ ಗಿರಾಕಿ ತಪ್ಪುತ್ತಾರೆ. ಕಿರಾಣಿಗೆ, ಚಹಾದವನಿಗೆ, ಔಷಧಿ ಅಂಗಡಿಗೆ ಅವರ ಶಕ್ತಿಗೆ ತಕ್ಕ ಬಾಡಿಗೆಯಲ್ಲಿ ಜಾಗ ಇಟ್ಟುಕೊಳ್ಳಿ. ಬಿದರಿ ಕೆಲಸದವರದ್ದು ಇನ್ನೂ ಸೂಕ್ಷ್ಮ. ಅವರಿಗೆ ಕುಲುಮೆ, ಅರ ಉಜ್ಜುವ ಸದ್ದು, ದೂಳು ಎಲ್ಲಕ್ಕೂ ಜಾಗ ಬೇಕು. ಗಾಜಿನ ಬಾಗಿಲಿನ ಶೋರೂಮ್ ಅಳತೆಯ ಬಾಡಿಗೆ ಕೇಳಿದರೆ ಅವರು ಹೋಗುತ್ತಾರೆ, ಅವರ ಜೊತೆ ಪ್ರವಾಸಿ ಗಿರಾಕಿಯೂ ಹೋಗುತ್ತಾರೆ.

ಇಲ್ಲೊಂದು ತೆರಿಗೆಯ ಗುಂಡಿ ಇದೆ. ನಿಮ್ಮ ವಾರ್ಷಿಕ ಬಾಡಿಗೆ ಆದಾಯ ₹20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಿ ಬಾಡಿಗೆ ಮೇಲೆ ಶೇ 18 ಹಾಕಬೇಕು. ಹಳೇ ಸಾಲಿನಲ್ಲಿ ಅದು ದಾಟಿರುವುದಿಲ್ಲ, ಹೊಸ ಕಾಂಪ್ಲೆಕ್ಸಿನಲ್ಲಿ ದಾಟಬಹುದು. ಕಾಂಪೊಸಿಷನ್ ಯೋಜನೆಯಲ್ಲಿರುವ, ಅಂದರೆ ವಹಿವಾಟಿನ ಮೇಲೆ ಸಣ್ಣ ದರದ ಜಿಎಸ್‌ಟಿ ಕಟ್ಟುವ, ಸಣ್ಣ ವ್ಯಾಪಾರಿಗೆ ಆ ಶೇ 18 ವಾಪಸ್ ಸಿಗುವುದಿಲ್ಲ. ಅವನಿಗೆ ₹10,000 ಬಾಡಿಗೆ ₹11,800 ಆಗುತ್ತದೆ. ಮೇಲ್ಮಿತಿಯ ಲೆಕ್ಕವನ್ನು ತೆರಿಗೆ ಸೇರಿಸಿಯೇ ಮಾಡಿ.

## ಹಂತ 7: ಕೆಡವಿದ ಮೇಲೆ ಕಟ್ಟುವವರೆಗೆ

ಕಟ್ಟಡ ಏಳುವವರೆಗೆ ಅಂಗಡಿಗಳು ಎಲ್ಲಿ ಹೋಗುತ್ತವೆ? ಇದಕ್ಕೆ ಉತ್ತರ ಇಲ್ಲದೆ ಕೆಡವಿದ ಸಾಲುಗಳು ಮತ್ತೆ ಮೊದಲಿನಂತೆ ಆಗುವುದು ಕಷ್ಟ. ಎರಡು ದೀಪಾವಳಿ ತಪ್ಪಿದರೆ ಗಿರಾಕಿ ಬೇರೆ ಬೀದಿಯ ದಾರಿ ಕಲಿತಿರುತ್ತಾರೆ.

ಸಾಧ್ಯವಿದ್ದರೆ ಅರ್ಧ ಅರ್ಧ ಕೆಡವಿ. ಆಗದಿದ್ದರೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ತಗಡಿನ ಶೆಡ್ ಹಾಕಿಕೊಡಿ. ಹಳೇ ಬಾಡಿಗೆದಾರರಿಗೆ ಯಾವ ಮಳಿಗೆ, ಎಷ್ಟು ಅಡಿ, ಯಾವ ಮಹಡಿ, ಎಷ್ಟು ಬಾಡಿಗೆ, ಯಾವ ತಿಂಗಳೊಳಗೆ ಎಂದು ನೋಂದಾಯಿತ ಕರಾರು ಮಾಡಿ. ಕಾರ್ಪೆಟ್ ಏರಿಯಾದಲ್ಲೇ, ಅಂದರೆ ಗೋಡೆ ಬಿಟ್ಟು ಒಳಗೆ ಬಳಸಲು ಸಿಗುವ ಅಳತೆಯಲ್ಲೇ ಬರೆಯಿರಿ. ಹಳೇ 150 ಅಡಿಗೆ ಬದಲಾಗಿ ಗೋಡೆ, ಮೆಟ್ಟಿಲು ಎಲ್ಲ ಸೇರಿಸಿ ಅಳೆದ ಹೊಸ 150 ಅಡಿ ಸೂಪರ್ ಬಿಲ್ಟ್‌ಅಪ್ ಕೊಟ್ಟರೆ ಆತನ ಕೌಂಟರ್ ಒಳಗೆ ಹಿಡಿಯುವುದಿಲ್ಲ, ಜಗಳ ಅಲ್ಲಿಂದ ಶುರು.

ಮುಂದಿನ ಬೀದಿಬದಿ ವ್ಯಾಪಾರಿಗಳನ್ನು ಎಬ್ಬಿಸಿದರೆ ಕಟ್ಟಡ ಚೆಂದ ಕಾಣುತ್ತದೆ ಎಂದು ಮಾಲೀಕರಿಗೆ ಅನ್ನಿಸುತ್ತದೆ. ಬೇಡ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಸ್ಥಳಾಂತರಕ್ಕೆ 30 ದಿನದ ನೋಟಿಸ್ ಬೇಕು, ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಹೋಗಬೇಕು. ಅದಕ್ಕಿಂತ ಮುಖ್ಯವಾಗಿ, ಸಂಜೆ ಹೊತ್ತು ಹೆಣ್ಣುಮಕ್ಕಳನ್ನು ಆ ಬೀದಿಗೆ ಎಳೆದು ತರುವುದು ಹೂವು, ಹಣ್ಣು, ತರಕಾರಿ ಗಾಡಿಗಳು.

ಇದೇ ಸಮಯದಲ್ಲಿ ಊರಿನಲ್ಲಿ ಇನ್ನೆಷ್ಟು ಮಳಿಗೆ ಏಳುತ್ತಿವೆ ಎಂದೂ ನೋಡಿ. ನೌಬಾದ್, ಮೈಲೂರು, ಗುಂಪಾ ಕಡೆ ಒಂದು ಸುತ್ತು ಹಾಕಿ, ಪಿಲ್ಲರ್ ಎದ್ದಿರುವ ಕಾಂಪ್ಲೆಕ್ಸ್‌ಗಳ ಶಟರ್ ಎಣಿಸಿ. ನಿಮ್ಮದು ಮುಗಿಯುವ ಹೊತ್ತಿಗೆ ಅವೂ ಮುಗಿಯುತ್ತವೆ, ಅಲ್ವಾ?

## ಹಂತ 8: ಲೆಕ್ಕ

ಪ್ರತಿ ಮಹಡಿಯಲ್ಲಿ 2,000 ಚದರ ಅಡಿ ಕಾರ್ಪೆಟ್, ಮೂರು ಮಹಡಿ ಎಂದಿಟ್ಟುಕೊಳ್ಳಿ. ನಕ್ಷೆ ಬರೆದವರ ಲೆಕ್ಕ ಹೀಗಿರುತ್ತದೆ: 6,000 ಅಡಿ, ಅಡಿಗೆ ₹65, ತಿಂಗಳಿಗೆ ₹3.9 ಲಕ್ಷ.

ಈಗ ನಿಮ್ಮ ಹಾಳೆಯ ಲೆಕ್ಕ.

1. ನೆಲಮಹಡಿಯ 2,000 ಅಡಿಯಲ್ಲಿ 1,200 ಅಡಿ ಹಳೇ ಬಾಡಿಗೆದಾರರಿಗೆ ಹೋಯಿತು. ಅವರ ಜೊತೆ ಒಪ್ಪಿದ್ದು ಅಡಿಗೆ ₹30, ಬರುವುದು ₹36,000. ಉಳಿದ 800 ಅಡಿ ₹65ರಂತೆ ₹52,000. ಒಟ್ಟು ₹88,000.

2. ಮೊದಲ ಮಹಡಿಯ ಅನುಪಾತ ನೂರಕ್ಕೆ ನಲವತ್ತು ಬಂದಿದ್ದರೆ ಅಡಿಗೆ ₹26, ಅಂದರೆ ₹52,000. ಎರಡನೇ ಮಹಡಿ ನೂರಕ್ಕೆ ಇಪ್ಪತ್ತು ಎಂದರೆ ಅಡಿಗೆ ₹13, ಅಂದರೆ ₹26,000.

3. ಮೇಲಿನ ಎರಡೂ ಮಹಡಿ ಮೊದಲ ಎರಡು ವರ್ಷ ಅರ್ಧ ಮಾತ್ರ ತುಂಬುತ್ತವೆ ಎಂದು ಹಿಡಿಯಿರಿ. ₹78,000 ಹೋಗಿ ₹39,000 ಆಯಿತು.

4. ಕೈಗೆ ಬರುವುದು ₹1.27 ಲಕ್ಷ. ಆಸ್ತಿ ತೆರಿಗೆ, ರಿಪೇರಿ, ಕಾವಲು ಎಂದು ಶೇ 15 ಕಳೆದರೆ ₹1.08 ಲಕ್ಷ.

₹3.9 ಲಕ್ಷ ಎಲ್ಲಿ, ₹1.08 ಲಕ್ಷ ಎಲ್ಲಿ. ಶೇ 10 ಬಡ್ಡಿಗೆ 15 ವರ್ಷಕ್ಕೆ ತೆಗೆದ ₹1 ಕೋಟಿ ಸಾಲದ ಕಂತು ತಿಂಗಳಿಗೆ ಸುಮಾರು ₹1.07 ಲಕ್ಷ. ಕಟ್ಟುವ ಕಾಲದಲ್ಲಿ ಬಾಡಿಗೆ ಇಲ್ಲದೆ ಹೋದ ಬಡ್ಡಿ ಇದರಲ್ಲಿ ಇನ್ನೂ ಸೇರಿಲ್ಲ. ಅಂದರೆ ಈ ಕಟ್ಟಡ ಒಂದು ಕೋಟಿಗಿಂತ ಜಾಸ್ತಿ ಸಾಲ ಹೊರುವುದಿಲ್ಲ.

ಈಗ ಎರಡನೇ ಮಹಡಿಯನ್ನು ಬೇರೆ ತೆಗೆದು ನೋಡಿ. ಅದನ್ನು ಕಟ್ಟಲು ₹40 ಲಕ್ಷ ಎಂದರೆ ಅದರ ಕಂತೇ ₹43,000. ಅರ್ಧ ತುಂಬಿದರೆ ಬರುವುದು ₹13,000. ಪೂರ್ತಿ ತುಂಬಿದರೂ ₹26,000. ಪ್ರತಿ ಮಹಡಿಗೂ ಹೀಗೆ ಬೇರೆ ಬೇರೆ ಹಾಳೆ ಮಾಡಿ. ಒಟ್ಟು ಸೇರಿಸಿ ನೋಡಿದಾಗ ನೆಲಮಹಡಿಯ ಲಾಭ ಮೇಲಿನ ಮಹಡಿಯ ನಷ್ಟವನ್ನು ಮುಚ್ಚಿಬಿಡುತ್ತದೆ, ಯಾರಿಗೂ ಕಾಣುವುದಿಲ್ಲ.

ನೆಲಮಾಳಿಗೆ ಬೇಕೆನ್ನುವವರಿಗೆ ಒಂದು ಮಾತು. ಬೀದರ್‌ನ ನೆಲ ಕೆಂಪು ಜಂಬಿಟ್ಟಿಗೆ ಕಲ್ಲು. ಅಗೆಯಲು ಸುಲಭ, ಆದರೆ ಅದರ ಸಂದುಗಳಲ್ಲಿ ಮಳೆಗಾಲದಲ್ಲಿ ನೀರು ಒಸರುತ್ತದೆ. ಪಕ್ಕದ ಹಳೇ ಬಾವಿಯಲ್ಲಿ ಸೆಪ್ಟೆಂಬರ್‌ನಲ್ಲಿ ನೀರು ಎಷ್ಟು ಮೇಲೆ ನಿಲ್ಲುತ್ತದೆ ಎಂದು ನೋಡಿಯೇ ಆ ಹಾಳೆ ತುಂಬಿ.

ಎರಡನೇ ಮಹಡಿಯ ಹಾಳೆಯಲ್ಲಿ ನಷ್ಟ ಬಂದರೆ ಆ ಮಹಡಿ ಬಿಡಿ, ಅಡಿಪಾಯ ಮಾತ್ರ ಮೂರು ಮಹಡಿಗೆ ಹಾಕಿಸಿ. ಪಿಲ್ಲರಿನ ಸರಳು ಮೇಲೆ ಬಿಟ್ಟು ತುಕ್ಕು ಹಿಡಿಯದಂತೆ ಸಿಮೆಂಟಿನಿಂದ ಮುಚ್ಚಿಸಿ. ಮೊದಲ ಮಹಡಿಯ ಅಷ್ಟೂ ಶಟರ್ ಒಂದು ವರ್ಷ ಪೂರ್ತಿ, ಜೂನ್–ಜುಲೈ ಸೇರಿ, ತೆರೆದಿದ್ದರೆ ಆಗ ಹಂತ 3ರಿಂದ ಮತ್ತೆ ಶುರು ಮಾಡಿ.